ಇಂಟ್ರೊ ಬರೆಯೋದು, ಅಭಿಪ್ರಾಯ ಬರೆಯೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯಲ್ಲಿ ಭಾನುವಾರ ಬೆಳಿಗ್ಗೆ ಏಳೆಂಟು ಮಂದಿ ಒಂದು ಕಡೆ ಕೂತು ಪತ್ರಿಕೆಗೆ ಬರೆಯುವುದನ್ನು ರೂಢಿ ಮಾಡಿಕೊಳ್ಳುತ್ತೇವೆ. ಕಲಿಸುವವನು ನಾನು, ಹೆಸರಿಗೆ ಮಾತ್ರ. ಬಹಳ ವರ್ಷ ಡೆಸ್ಕಿನಲ್ಲಿ ಕೂತು ಬೇರೆಯವರ ಸುದ್ದಿ ತಿದ್ದಿದ್ದೇ ನನ್ನ ಬಂಡವಾಳ. ಕಾಲೇಜು ಹುಡುಗಿಯರು ಬರುತ್ತಾರೆ, ತೋಟದ ಕೆಲಸ ಬಿಟ್ಟು ಬರುವವರಿದ್ದಾರೆ, ಕುಮಟಾದಿಂದ ಬಸ್ ಹಿಡಿದು ಘಟ್ಟ ಹತ್ತಿ ಬರುವವರೂ ಇದ್ದಾರೆ. ಪ್ರತಿ ಹೊಸ ತಂಡವೂ ಕೇಳುವುದು ಅದೇ ಪ್ರಶ್ನೆಗಳನ್ನು. ಹೇಳಿ ಹೇಳಿ ಗಂಟಲು ಒಣಗಿತು, ಬರೆದಿಟ್ಟೆ. ಇಲ್ಲಿರುವ ಮಾದರಿ ಸುದ್ದಿಗಳು ಪಾಠಕ್ಕೆಂದು ನಾವೇ ಕಟ್ಟಿದವು. ನಿಜವಾಗಿ ನಡೆದದ್ದಾದರೆ ದಿನಾಂಕ ಹಾಕಿದ್ದೇನೆ.

ಇಂಟ್ರೊ, ಲೀಡ್ ಎರಡೂ ಒಂದೇನಾ?

ಪಠ್ಯಪುಸ್ತಕದಲ್ಲಿ ಒಂದೇ. ಕನ್ನಡ ಪತ್ರಿಕೆಗಳ ಡೆಸ್ಕಿನಲ್ಲಿ ಬೇರೆ. ಸುದ್ದಿಯ ಮೊದಲ ಪ್ಯಾರಾಕ್ಕೆ ನಾವು ಇಂಟ್ರೊ ಅನ್ನುತ್ತೇವೆ. ‘ಇವತ್ತು ಲೀಡ್ ಏನು?’ ಅಂತ ಯಾರಾದರೂ ಕೇಳಿದರೆ, ಪುಟದ ಮೇಲುಗಡೆ ದೊಡ್ಡ ತಲೆಬರಹದಲ್ಲಿ ಬರುವ ಮುಖ್ಯ ಸುದ್ದಿ ಯಾವುದು ಅಂತ ಅರ್ಥ. ಹೊಸಬರೊಬ್ಬರು ಡೆಸ್ಕಿಗೆ ಫೋನ್ ಮಾಡಿ ‘ಲೀಡ್ ಕಳಿಸಿದ್ದೇನೆ ಸರ್’ ಅಂದರೆ, ಅಲ್ಲಿದ್ದವರು ಪುಟವನ್ನೇ ಬದಲಿಸಬೇಕಾ ಅಂತ ಗಾಬರಿಯಾಗುತ್ತಾರೆ. ಇಲ್ಲಿ ಇಂಟ್ರೊ ಅಂತಲೇ ಬಳಸುತ್ತೇನೆ.

ಇಂಟ್ರೊದಲ್ಲಿ ಏನು ಬರೆಯಬೇಕು ಅಂತ ಗೊತ್ತಾಗುವುದು ಹೇಗೆ?

ಶಿರಸಿ ಹಳೆ ಬಸ್ ನಿಲ್ದಾಣ ಅಂದುಕೊಳ್ಳಿ. ನಿಮ್ಮ ಪರಿಚಯದವರು ಕುಮಟಾ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದಾರೆ. ಕಂಡಕ್ಟರ್ ಸೀಟಿ ಊದಿದ್ದಾರೆ, ಬಸ್ಸು ಹೊರಟಿದೆ. ನಿಮಗೊಂದು ವಿಷಯ ಗೊತ್ತಾಗಿದೆ, ಅವರಿಗೆ ಕೂಗಿ ಹೇಳಬೇಕು. ಏನಂತ ಕೂಗುತ್ತೀರಿ?

‘ಕಳೆದ ಮೂರು ದಿನಗಳಿಂದ ಸುರಿಯುತ್ತಿರುವ ಭಾರಿ ಮಳೆಯ ಹಿನ್ನೆಲೆಯಲ್ಲಿ’ ಅಂತ ಶುರು ಮಾಡುತ್ತೀರಾ? ಇಲ್ಲ. ‘ದೇವಿಮನೆ ಘಟ್ಟ ಬಂದ್! ಸಿದ್ದಾಪುರದ ಮೇಲೆ ಹೋಗಿ!’ ಅನ್ನುತ್ತೀರಿ. ನಿಮ್ಮ ಇಂಟ್ರೊ ಅಲ್ಲೇ ಇದೆ. ಕೂಗಿದ್ದನ್ನು ಸ್ವಲ್ಪ ಸರಿಮಾಡಿ ಬರೆದರೆ ಆಯಿತು.

ಇಷ್ಟು ಸುಲಭವಾ ಅಂದರೆ, ಅಲ್ಲ. ಘಟ್ಟ ಬಂದ್ ಆದದ್ದು ಕಣ್ಣಿಗೆ ಕಾಣುತ್ತದೆ. ಪಂಚಾಯ್ತಿ ಸಭೆಯೋ, ಬಜೆಟ್ಟೋ, ಕೋರ್ಟ್ ಆದೇಶವೋ ಆದರೆ ಏನು ಕೂಗಬೇಕು ಅಂತಲೇ ತಿಳಿಯುವುದಿಲ್ಲ. ಆಗ ಇಂಟ್ರೊ ಬರೆಯುವುದನ್ನು ಬಿಟ್ಟು ಫೋನ್ ಎತ್ತಿ. ನನ್ನ ಅನುಭವದಲ್ಲಿ ಇಂಟ್ರೊ ಕೆಟ್ಟಿದ್ದರೆ ಹೆಚ್ಚಿನ ಸಲ ಭಾಷೆಯ ತಪ್ಪಲ್ಲ. ಬರೆಯುವವರಿಗೆ ಏನಾಗಿದೆ ಅಂತಲೇ ಪೂರ್ತಿ ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದನ್ನು ಮುಚ್ಚಲು ಉದ್ದುದ್ದ ಪದ ಹಾಕುತ್ತಾರೆ.

ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ: ಆರೂ ಮೊದಲ ವಾಕ್ಯದಲ್ಲೇ ಬರಬೇಕಂತೆ, ಹೌದಾ?

ಈ ಒಂದು ಮಾತು ಕನ್ನಡ ಇಂಟ್ರೊಗಳಿಗೆ ಮಾಡಿದಷ್ಟು ಹಾನಿ ಬೇರೆ ಯಾವುದೂ ಮಾಡಿಲ್ಲ. ಆರು ಪ್ರಶ್ನೆ ಒಳ್ಳೆಯವೇ. ಸುದ್ದಿ ಮುಗಿಯುವುದರೊಳಗೆ ಆರಕ್ಕೂ ಉತ್ತರ ಇರಬೇಕು. ಆದರೆ ಒಂದೇ ವಾಕ್ಯಕ್ಕೆ ತುರುಕುವ ಪದ್ಧತಿ ಇಂಗ್ಲಿಷಿನಿಂದ ಬಂದದ್ದು. ಅಲ್ಲಿ ಕರ್ತೃವಿನ ಬೆನ್ನಿಗೇ ಕ್ರಿಯಾಪದ ಬಂದುಬಿಡುತ್ತದೆ. ಏನಾಯಿತು ಅಂತ ನಾಲ್ಕನೇ ಪದಕ್ಕೇ ಗೊತ್ತಾಗುತ್ತದೆ. ಆಮೇಲೆ ಎಲ್ಲಿ, ಯಾವಾಗ ಅಂತ ಎಷ್ಟು ಬಾಲ ಕಟ್ಟಿದರೂ ಓದುವವರಿಗೆ ತೊಂದರೆ ಇಲ್ಲ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹಾಗಾಗಿ ಆರನ್ನೂ ತುಂಬಿದರೆ ಹೀಗಾಗುತ್ತದೆ:

‘ಕಳೆದ ಮೂರು ದಿನಗಳಿಂದ ಸುರಿಯುತ್ತಿರುವ ಭಾರಿ ಮಳೆಯಿಂದಾಗಿ ದೇವಿಮನೆ ಘಟ್ಟ ಪ್ರದೇಶದಲ್ಲಿ ಶಿರಸಿ–ಕುಮಟಾ ಹೆದ್ದಾರಿಯ ಮೇಲೆ ಮಂಗಳವಾರ ಬೆಳಗಿನ ಜಾವ ಬೃಹತ್ ಪ್ರಮಾಣದ ಮಣ್ಣು ಹಾಗೂ ಮರಗಳು ಕುಸಿದುಬಿದ್ದ ಪರಿಣಾಮ ವಾಹನ ಸಂಚಾರ ಸಂಪೂರ್ಣ ಸ್ಥಗಿತಗೊಂಡು ಪ್ರಯಾಣಿಕರು ಪರದಾಡುವಂತಾಯಿತು.’

ಓದುವವರು ಮಳೆ ದಾಟಿ, ಘಟ್ಟ ದಾಟಿ, ಮಣ್ಣು ಮರ ಎಲ್ಲ ದಾಟಿ ಕೊನೆಗೆ ತಲುಪುವುದು ‘ಪರದಾಡುವಂತಾಯಿತು’ ಎಂಬಲ್ಲಿಗೆ. ರಸ್ತೆ ಬಂದ್ ಎಂಬ ಮುಖ್ಯ ವಿಷಯ ನಡುವೆ ಎಲ್ಲೋ ಹೂತುಹೋಗಿದೆ. ಅದೇ ಮಾಹಿತಿಯನ್ನು ಒಡೆದು ಬರೆಯಿರಿ:

‘ಶಿರಸಿ–ಕುಮಟಾ ರಸ್ತೆ ದೇವಿಮನೆ ಘಟ್ಟದಲ್ಲಿ ಬಂದ್ ಆಗಿದೆ. ಮಂಗಳವಾರ ಬೆಳಗಿನ ಜಾವ ಗುಡ್ಡ ಕುಸಿದು ಮಣ್ಣು, ಮರ ರಸ್ತೆಗೆ ಬಿದ್ದಿವೆ. ತೆರವಿಗೆ ಎರಡು ದಿನ ಬೇಕು ಎಂದು ಹೆದ್ದಾರಿ ಎಂಜಿನಿಯರ್ ತಿಳಿಸಿದ್ದಾರೆ. ಬಸ್‌ಗಳು ಸಿದ್ದಾಪುರ ಮಾರ್ಗವಾಗಿ ಹೋಗುತ್ತಿವೆ.’

ನಾಲ್ಕು ವಾಕ್ಯ, ನಾಲ್ಕು ಕ್ರಿಯಾಪದ. ಬಂದ್ ಆಗಿದೆ, ಬಿದ್ದಿವೆ, ತಿಳಿಸಿದ್ದಾರೆ, ಹೋಗುತ್ತಿವೆ. ನಾನು ತಂಡದವರಿಗೆ ಮೊದಲ ದಿನ ಕೊಡುವ ಕೆಲಸ ಇದೇ: ಏನೂ ಬರೆಯಬೇಡಿ, ನಿಮ್ಮ ಸುದ್ದಿಯ ಕ್ರಿಯಾಪದ ಯಾವುದು ಹೇಳಿ. ‘ಪರಿಣಾಮ’, ‘ಹಿನ್ನೆಲೆಯಲ್ಲಿ’, ‘ಸಂದರ್ಭದಲ್ಲಿ’ ಬಂದ ಕಡೆಯೆಲ್ಲ ವಾಕ್ಯ ಒಡೆಯಬಹುದು ಅಂತ ಅರ್ಥ. ಇನ್ನೊಂದು ಗಮನಿಸಿ. ಎರಡನೇ ಮಾದರಿಯಂಥದ್ದನ್ನು ಬರೆಯಲು ಎಂಜಿನಿಯರ್‌ಗೆ ಫೋನ್ ಮಾಡಬೇಕಾಗುತ್ತದೆ, ಬಸ್ ಡಿಪೊದಲ್ಲಿ ಕೇಳಬೇಕಾಗುತ್ತದೆ. ಮೊದಲನೆಯದನ್ನು ಮನೆಯಲ್ಲಿ ಕೂತೇ ಬರೆಯಬಹುದು.

ತಲೆಕೆಳಗಾದ ಪಿರಮಿಡ್ ಅಂದರೇನು?

ಮುಖ್ಯವಾದದ್ದು ಮೇಲೆ, ಆಮೇಲಾಮೇಲೆ ಕಡಿಮೆ ಮುಖ್ಯವಾದದ್ದು. ಕಾರಣ ಸರಳ: ಪುಟದಲ್ಲಿ ಜಾಗ ಸಾಲದೇ ಹೋದರೆ ಡೆಸ್ಕಿನವರು ಬುಡದಿಂದ ಕತ್ತರಿಸುತ್ತಾರೆ. ರಾತ್ರಿ ಒಂದು ಜಾಹೀರಾತು ಬಂತು ಅಂದರೆ ನಿಮ್ಮ ಕೊನೆಯ ಎರಡು ಪ್ಯಾರಾ ಹೋಯಿತು. ಮುಖ್ಯ ವಿಷಯ ಅಲ್ಲಿಟ್ಟಿದ್ದರೆ ಅದೂ ಹೋಯಿತು.

ಪಿರಮಿಡ್ ನಮ್ಮ ಕಡೆಯವರಿಗೆ ಅಷ್ಟಾಗಿ ಹಿಡಿಸುವುದಿಲ್ಲ. ನಾನು ಯಕ್ಷಗಾನದ ಲೆಕ್ಕದಲ್ಲಿ ಹೇಳುತ್ತೇನೆ. ಆಟಕ್ಕೆ ಪೂರ್ವರಂಗ ಬೇಕು, ಒಡ್ಡೋಲಗ ಬೇಕು. ಮುಖ್ಯ ವೇಷ ಪರದೆ ಹಿಂದೆ ಕುಣಿದು, ಕಿರೀಟ ತೋರಿಸಿ, ನಿಧಾನಕ್ಕೆ ರಂಗಕ್ಕೆ ಬಂದರೇ ಚಂದ. ಸುದ್ದಿಗೆ ಒಡ್ಡೋಲಗ ಇಲ್ಲ. ಪರದೆ ಎತ್ತಿದ ಕೂಡಲೇ ಯುದ್ಧ ಆಗುತ್ತಿರಬೇಕು.

ನನಗೆ ಸಿಗುವುದೆಲ್ಲ ಸಭೆ, ಉದ್ಘಾಟನೆ, ಸನ್ಮಾನ. ಅದಕ್ಕೆ ಎಂಥ ಇಂಟ್ರೊ ಬರೆಯಲಿ?

ಊರಿನಿಂದ ಬರೆಯುವ ಎಲ್ಲರ ಪಾಡೂ ಇದೇ. ಮಾಮೂಲಿ ಇಂಟ್ರೊ ಹೀಗಿರುತ್ತದೆ: ‘ಇಲ್ಲಿನ ಸಹಕಾರಿ ಸಂಘದ ವಾರ್ಷಿಕ ಸರ್ವಸಾಧಾರಣ ಸಭೆಯು ಸಂಘದ ಸಭಾಭವನದಲ್ಲಿ ಅಧ್ಯಕ್ಷರ ಅಧ್ಯಕ್ಷತೆಯಲ್ಲಿ ಜರುಗಿತು.’ ಸಭೆ ನಡೆಯಿತು ಅನ್ನುವುದು ಸುದ್ದಿಯಲ್ಲ. ನಡೆಯದೇ ಹೋಗಿದ್ದರೆ ಸುದ್ದಿ. ಜನ ಸಂಘದ ಸಭಾಭವನದಲ್ಲಲ್ಲದೆ ತೋಟದಲ್ಲಿ ಸಭೆ ಮಾಡುತ್ತಾರಾ?

ಇಡೀ ಸಭೆಯಲ್ಲಿ ಸದಸ್ಯರೊಬ್ಬರು ಮನೆಗೆ ಹೋಗಿ ಹೆಂಡತಿಗೆ ಹೇಳಿದ್ದು ಏನು ಅಂತ ಯೋಚಿಸಿ. ಬಹುಶಃ ಹನ್ನೊಂದನೇ ಪ್ಯಾರಾದಲ್ಲಿ ನೀವು ಸುಮ್ನೆ ಒಂದು ಸಾಲು ಬರೆದಿರುತ್ತೀರಿ. ಅದನ್ನು ಮೇಲಕ್ಕೆ ತನ್ನಿ: ‘ಕೊಳೆರೋಗದಿಂದ ಬೆಳೆ ಕಳೆದುಕೊಂಡ ಸದಸ್ಯರಿಗೆ ಸಾಲದ ಕಂತು ಕಟ್ಟಲು ಮಾರ್ಚ್‌ವರೆಗೆ ಸಮಯ ಕೊಡಲು ಸಂಘ ಒಪ್ಪಿದೆ.’ ಅಧ್ಯಕ್ಷರು, ಉಪಾಧ್ಯಕ್ಷರು, ಸ್ವಾಗತಿಸಿದವರು, ವಂದಿಸಿದವರು ಎಲ್ಲ ಕೊನೆಗೆ. ಅವರಿಗೆ ಬೇಸರ ಆಗುತ್ತದೆ, ನಿಜ. ಮರುದಿನ ಪೇಟೆಯಲ್ಲಿ ಸಿಕ್ಕಾಗ ಮುಖ ತಿರುಗಿಸುತ್ತಾರೆ. ಎರಡು ಸಲ ಆದ ಮೇಲೆ ರೂಢಿಯಾಗುತ್ತದೆ.

ಏನೇನೂ ಹೊಸದಿಲ್ಲದ ಸಭೆಯೂ ಇರುತ್ತದೆ. ಆಗ ನಾಲ್ಕು ಸಾಲು ಸಾಕು. ಮುಂದಕ್ಕೆ ಹೋಗಿ.

ಪತ್ರಿಕೆ ಬರುವುದರೊಳಗೆ ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರಿಗೂ ಗೊತ್ತಾಗಿರುತ್ತದೆ. ಆಮೇಲೆ ನಾವು ಬರೆದು ಏನು ಪ್ರಯೋಜನ?

ಇದಕ್ಕೆ ಒಂದು ನಿಜವಾದ ಘಟನೆಯನ್ನೇ ತೆಗೆದುಕೊಳ್ಳೋಣ. 2024ರ ಆಗಸ್ಟ್ 7ರ ನಸುಕಿಗೆ ಮೊದಲೇ, ಮಧ್ಯರಾತ್ರಿ ದಾಟಿದ ಹೊತ್ತಿನಲ್ಲಿ, ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಗೋವಾ ಕಡೆ ಹೋಗುವ ಹೆದ್ದಾರಿ 66ರ ಸೇತುವೆ ಅದು. ಒಂದು ಲಾರಿ ನದಿಗೆ ಬಿತ್ತು, ಚಾಲಕನನ್ನು ಜೀವಂತವಾಗಿ ಮೇಲಕ್ಕೆ ತಂದರು.

ಈಗ ಪತ್ರಿಕೆಯ ಕಷ್ಟ ನೋಡಿ. ಆ ಹೊತ್ತಿಗೆ 7ನೇ ತಾರೀಕಿನ ಪುಟಗಳು ಅಚ್ಚಿಗೆ ಹೋಗಿರುತ್ತವೆ. ವಿವರವಾದ ಸುದ್ದಿ ಅಚ್ಚಾಗಿ ಮನೆಗೆ ಬರುವುದು 8ರ ಬೆಳಿಗ್ಗೆ. ಅಷ್ಟರಲ್ಲಿ ಜಿಲ್ಲೆಯ ಮಗುವಿಗೂ ವಿಡಿಯೊ ತಲುಪಿಯಾಗಿದೆ. 8ರಂದು ‘ಕಾಳಿ ಸೇತುವೆ ಕುಸಿದುಬಿದ್ದಿದೆ’ ಅಂತ ಶುರು ಮಾಡಿದರೆ ಹಳಸಲು ಅನ್ನ.

ಹಾಗಾದರೆ 8ರ ಓದುಗರಿಗೆ ಏನು ಬೇಕು? ನಾನು ಗೋವಾಕ್ಕೆ ಕೆಲಸಕ್ಕೆ ಹೋಗುವವನು, ಇವತ್ತು ಹೋಗಬಹುದಾ? ಪಕ್ಕದ ಹೊಸ ಸೇತುವೆ ಮೇಲೆ ಎರಡೂ ಕಡೆಯ ವಾಹನ ಬಿಡುತ್ತಾರಾ? ಅದು ಗಟ್ಟಿ ಇದೆ ಅಂತ ಯಾರು ನೋಡಿ ಹೇಳಿದರು? ಬಿದ್ದ ಸೇತುವೆಯನ್ನು ಕೊನೆಯ ಸಲ ಪರೀಕ್ಷೆ ಮಾಡಿದ್ದು ಯಾವಾಗ, ವರದಿ ಯಾರ ಮೇಜಿನ ಮೇಲಿದೆ? ಇವುಗಳಲ್ಲಿ ಯಾವುದಕ್ಕೆ ನಿಮಗೆ ಗಟ್ಟಿ ಉತ್ತರ ಸಿಕ್ಕಿದೆಯೋ ಅದೇ ಆ ದಿನದ ಇಂಟ್ರೊ. ಕುಸಿದದ್ದು ಎರಡನೇ ವಾಕ್ಯಕ್ಕೆ ಹೋಗುತ್ತದೆ. ವಿಡಿಯೊ ನೋಡದವರೂ ಇರುತ್ತಾರಲ್ಲ, ಹಾಗಾಗಿ ಬಿಡುವ ಹಾಗಿಲ್ಲ.

ವಾಟ್ಸ್‌ಆ್ಯಪ್ ವಿಡಿಯೊ ತೋರಿಸುತ್ತದೆ. ಕಚೇರಿಗೆ ಹೋಗಿ ಕಡತ ಕೇಳುವುದಿಲ್ಲ. ನಮ್ಮ ಕೆಲಸ ಅಲ್ಲಿದೆ.

ಕತೆಯ ಹಾಗೆ ಚಂದವಾಗಿ ಶುರು ಮಾಡಲೇಬಾರದಾ?

ಮಾಡಬಹುದು. ಭಾನುವಾರದ ಪುರವಣಿಗೆ, ವಿಶೇಷ ವರದಿಗೆ ಅದೇ ಸರಿ. ಅಘನಾಶಿನಿ ಹಿನ್ನೀರಿನ ಗಜನಿ ಗದ್ದೆಗಳಲ್ಲಿ ಕಗ್ಗ ಅಂತ ಭತ್ತ ಬೆಳೆಯುತ್ತಾರೆ. ಉಪ್ಪುನೀರನ್ನು ತಡೆದುಕೊಳ್ಳುವ ತಳಿ ಅದು. ಮಾಣಿಕಟ್ಟಾ ಕಡೆ ಹೋಗಿ ಅದರ ಬಗ್ಗೆ ಬರೆಯುವುದಾದರೆ, ಕಟ್ಟೆಯ ಮೇಲೆ ನಿಂತು ನೀರಿನ ಮಟ್ಟ ನೋಡುವ ರೈತನಿಂದ ಶುರು ಮಾಡಿ, ಯಾರು ಬೇಡ ಅಂತಾರೆ?

ಒಂದೇ ಷರತ್ತು. ಆ ರೈತ ನಿಮ್ಮ ವಿಷಯಕ್ಕೆ ಸಂಬಂಧಪಟ್ಟವನಾಗಿರಬೇಕು. ಮೂರನೇ ಪ್ಯಾರಾ ಬರುವುದರೊಳಗೆ ಇದನ್ನು ಈಗ ಯಾಕೆ ಬರೆಯುತ್ತಿದ್ದೇನೆ ಅಂತ ಹೇಳಿರಬೇಕು. ಇಲ್ಲದಿದ್ದರೆ ಓದುವವರಿಗೆ ‘ಚಂದ ಇದೆ, ಆದರೆ ಎಂತಕ್ಕೆ?’ ಅನ್ನಿಸುತ್ತದೆ. ಮತ್ತೆ ‘ಮುಂಜಾನೆಯ ಮಂಜು, ಹಕ್ಕಿಗಳ ಇಂಚರ, ಹಸಿರು ಹೊದ್ದ ಮಲೆನಾಡು’ ದಯವಿಟ್ಟು ಬೇಡ. ಶಿರಸಿಯಲ್ಲೇ ಹುಟ್ಟಿದವನು ನಾನು. ಇಲ್ಲಿ ಮುಂಜಾನೆ ಕೇಳುವುದು ಮಿಕ್ಸರ್ ಮತ್ತು ಪಕ್ಕದ ಮನೆಯ ಬೈಕು.

ಯಾವ ಪದಗಳನ್ನು ಬಿಡಬೇಕು?

ಪಟ್ಟಿ ಕೊಟ್ಟರೆ ಪಟ್ಟಿಯೇ ಲೇಖನ ಆಗುತ್ತದೆ. ನನಗೆ ಹೆಚ್ಚು ಸಿಟ್ಟು ಬರಿಸುವ ಕೆಲವನ್ನು ಮಾತ್ರ ಹೇಳುತ್ತೇನೆ. ‘ಪ್ರಜ್ಞಾವಂತ ನಾಗರಿಕರ ಆಗ್ರಹ’ ಅಂದರೆ ಹೆಚ್ಚಾಗಿ ಬರೆದವರದ್ದೇ ಆಗ್ರಹ. ನಿಮ್ಮದಾದರೆ ಅಭಿಪ್ರಾಯ ಪುಟಕ್ಕೆ ಬರೆಯಿರಿ. ನಾಗರಿಕರದ್ದಾದರೆ ಅವರ ಹೆಸರು ಬರೆಯಿರಿ. ‘ಸಾರ್ವಜನಿಕರು ಹಿಡಿಶಾಪ ಹಾಕುತ್ತಿದ್ದಾರೆ’ ಅಂತ ಬರೆದವರಿಗೆ ನಾನು ಯಾವಾಗಲೂ ಕೇಳುವುದು, ಎಷ್ಟು ಜನ ಹಾಕಿದ್ದನ್ನು ಕೇಳಿಸಿಕೊಂಡಿರಿ ಅಂತ. ‘ಅದ್ದೂರಿಯಾಗಿ’, ‘ವಿಜೃಂಭಣೆಯಿಂದ’ ಮಾರಿಕಾಂಬಾ ಜಾತ್ರೆಗೂ ಹಾಕುತ್ತೀರಿ, ವಾರ್ಡಿನ ಗಣಪತಿಗೂ ಹಾಕುತ್ತೀರಿ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಗೆ ಬೇರೆ ಪದ ಉಳಿಯಬೇಡವೇ?

‘ಅಧಿಕಾರಿಗಳಿಂದ ಪರಿಶೀಲನೆ ನಡೆಸಲ್ಪಟ್ಟಿತು’ ಅನ್ನುವುದೂ ಬೇಡ. ಅಧಿಕಾರಿಗಳು ನೋಡಿದರು. ಅಷ್ಟೇ.

ಅಂಕಿಅಂಶ ತಪ್ಪಾದರೆ ಅಷ್ಟು ದೊಡ್ಡ ವಿಷಯವಾ?

ನನ್ನ ಕತೆ ಕೇಳಿ. ಡೆಸ್ಕಿಗೆ ಸೇರಿದ ಹೊಸತರಲ್ಲಿ ಒಂದು ರಾತ್ರಿ ಅಡಿಕೆ ದರದ ಪಟ್ಟಿ ಕೂರಿಸುವಾಗ ಚಾಲಿಯ ದರ ರಾಶಿಗೆ, ರಾಶಿಯ ದರ ಚಾಲಿಗೆ ಹಾಕಿಬಿಟ್ಟೆ. ಚಾಲಿ, ರಾಶಿ ಅಂದರೆ ಅಡಿಕೆಯ ಎರಡು ಬಗೆ. ಬೆಳಿಗ್ಗೆ ಆರಕ್ಕೇ ಫೋನು. ಒಬ್ಬರು ಚಾಲಿ ಮೂಟೆಗಳನ್ನು ಆಗಲೇ ಪಿಕಪ್‌ಗೆ ಹೇರಿಸಿದ್ದರು. ಯಾರೂ ಬೈಯಲಿಲ್ಲ. ‘ನಿಮ್ಮ ಪೇಪರ್ ನೋಡಿಯೇ ಹೊರಟಿದ್ದೆ’ ಅಂದರು. ಬೈದಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ನಾನು ಅಂಕಿಯನ್ನು ಬಾಯಿಬಿಟ್ಟು ಓದುತ್ತೇನೆ, ಪಕ್ಕದವರು ನಕ್ಕರೂ.

ದುರಂತದ ಸುದ್ದಿಯಲ್ಲಿ ಇದು ಇನ್ನೂ ಸೂಕ್ಷ್ಮ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ, ಗಂಗಾವಳಿ ನದಿಗೆ ಜರಿದು ಬಿದ್ದಾಗ ಎಷ್ಟು ಜನ ಸಿಕ್ಕಿಕೊಂಡಿದ್ದಾರೆ ಎಂಬ ಲೆಕ್ಕ ಮತ್ತೆ ಮತ್ತೆ ಬದಲಾಗುತ್ತಿತ್ತು. ಇಂಥ ಹೊತ್ತಿನಲ್ಲಿ ಸಂಖ್ಯೆಯ ಜೊತೆಗೆ ಎರಡು ವಿಷಯ ಬರೆಯಲೇಬೇಕು: ಹೇಳಿದವರು ಯಾರು, ಎಷ್ಟು ಗಂಟೆಗೆ. ‘ಸಂಜೆ 6ರವರೆಗಿನ ಮಾಹಿತಿಯಂತೆ’ ಎಂಬ ಮೂರು ಪದ ನಿಮ್ಮನ್ನೂ ಕಾಯುತ್ತದೆ, ಕಾಣೆಯಾದವರ ಮನೆಯವರನ್ನೂ ಕಾಯುತ್ತದೆ. ನಾಪತ್ತೆಯಾದವರನ್ನು ಸತ್ತವರ ಲೆಕ್ಕಕ್ಕೆ ಸೇರಿಸಬೇಡಿ. ಮನೆಯಲ್ಲಿ ಯಾರೋ ಕಾಯುತ್ತಿರುತ್ತಾರೆ.

ತಲೆಬರಹ ನಾನೇ ಕೊಡಬೇಕಾ?

ಕೊಡಿ. ಡೆಸ್ಕಿನವರು ಬದಲಿಸುತ್ತಾರೆ. ಬೇಸರ ಮಾಡಿಕೊಳ್ಳಬೇಡಿ.

ಸುದ್ದಿಯಲ್ಲಿ ನನ್ನ ಅಭಿಪ್ರಾಯ ಬರಬಾರದು ಅಂತೀರಿ. ಹಾಗಾದರೆ ಅಭಿಪ್ರಾಯ ಬರಹದಲ್ಲಿ ಏನು ಬೇಕಾದರೂ ಬರೆಯಬಹುದಾ?

ಅಭಿಪ್ರಾಯ ನಿಮ್ಮದು. ಸಂಗತಿ ನಿಮ್ಮದಲ್ಲ. ಸುದ್ದಿಗೆ ಎಷ್ಟು ವಿಚಾರಿಸುತ್ತೀರೋ ಇದಕ್ಕೆ ಅದಕ್ಕಿಂತ ಜಾಸ್ತಿ ವಿಚಾರಿಸಬೇಕು. ಯಾಕೆಂದರೆ ನಿಮ್ಮನ್ನು ಒಪ್ಪದವರು ಮೊದಲು ಹುಡುಕುವುದೇ ಒಂದು ತಪ್ಪು ಅಂಕಿಯನ್ನು. ಅದು ಸಿಕ್ಕಿತು ಅಂದರೆ ಉಳಿದ ಐನೂರು ಪದ ವ್ಯರ್ಥ.

ಅಭಿಪ್ರಾಯಕ್ಕೆ ವಿಷಯ ಆರಿಸುವುದು ಹೇಗೆ?

ಮೊದಲು ಒಂದು ಪರೀಕ್ಷೆ. ನೀವು ಹೇಳುವುದನ್ನು ಒಪ್ಪದವರು ಯಾರಾದರೂ ಇದ್ದಾರಾ?

‘ಉತ್ತರ ಕನ್ನಡಕ್ಕೆ ಸುಸಜ್ಜಿತ ಆಸ್ಪತ್ರೆ ಬೇಕು.’ ನಮ್ಮ ತಂಡದಲ್ಲಿ ಪ್ರತಿ ವರ್ಷ ಇಬ್ಬರಾದರೂ ಇದನ್ನು ಬರೆಯುತ್ತಾರೆ. ನೋವು ನಿಜವೇ. ತುರ್ತು ಚಿಕಿತ್ಸೆಗೆ ಕಾರವಾರದವರು ಗೋವಾಕ್ಕೆ, ಭಟ್ಕಳದವರು ಮಣಿಪಾಲ, ಮಂಗಳೂರಿಗೆ, ಶಿರಸಿಯವರು ಹುಬ್ಬಳ್ಳಿಗೆ ಓಡುತ್ತಾರೆ. ಆದರೆ ಬೇಡ ಅನ್ನುವವರು ಯಾರು? ಯಾರೂ ಇಲ್ಲ. ಹಾಗಾಗಿ ಅದು ಬೇಡಿಕೆ. ಅಭಿಪ್ರಾಯ ಬರಹಕ್ಕೆ ಅಷ್ಟು ಸಾಲದು.

ಈಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಆಸ್ಪತ್ರೆ ಎಲ್ಲಿ ಆಗಬೇಕು? ಕುಮಟಾದಲ್ಲಾ, ಶಿರಸಿಯಲ್ಲಾ? ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆಯಲ್ಲ, ಅದನ್ನೇ ಬಲಪಡಿಸಿದರೆ ಸಾಲದಾ? ಜೊಯಿಡಾದ ಒಳ ಹಳ್ಳಿಯವರಿಗೆ ಇವುಗಳಲ್ಲಿ ಯಾವುದು ಹತ್ತಿರ? ಇಷ್ಟು ಕೇಳಿದ ಕೂಡಲೇ ನಮ್ಮ ಭಾನುವಾರದ ಕೋಣೆಯಲ್ಲೇ ಘಟ್ಟದ ಮೇಲಿನವರಿಗೂ ಕರಾವಳಿಯವರಿಗೂ ಜಗಳ ಶುರು. ಅಲ್ಲಿ ನಿಮ್ಮ ಬರಹ ಇದೆ.

ಎರಡನೇ ಪರೀಕ್ಷೆ: ‘ಇಂಥವರು ಇಂಥದ್ದು ಮಾಡಬೇಕು, ಯಾಕೆಂದರೆ’ ಅನ್ನುವ ವಾಕ್ಯವನ್ನು ತುಂಬಿ. ‘ಸರ್ಕಾರ ಎಚ್ಚೆತ್ತುಕೊಳ್ಳಬೇಕು’ ನಡೆಯುವುದಿಲ್ಲ. ಸರ್ಕಾರದಲ್ಲಿ ಯಾರು? ಎಚ್ಚೆತ್ತು ಏನು ಮಾಡಬೇಕು? ಈ ವಾಕ್ಯ ತುಂಬಲು ಆಗದಿದ್ದರೆ ಬರೆಯಲು ಕೂರಬೇಡಿ, ಇನ್ನೂ ನಾಲ್ಕು ಜನರನ್ನು ಕೇಳಿ.

ವಿಷಯ ತುಂಬಾ ದೊಡ್ಡದು. ಅರಣ್ಯ ಅತಿಕ್ರಮಣದ ಬಗ್ಗೆ ಬರೆಯಬೇಕು ಅಂತಿದೆ, ಎಲ್ಲಿಂದ ಹಿಡಿಯಲಿ?

ಒಂದು ಎಳೆ ಹಿಡಿಯಿರಿ. ಅರಣ್ಯ ಹಕ್ಕು ಕಾಯ್ದೆ 2006ರದ್ದು. 2005ರ ಡಿಸೆಂಬರ್ 13ಕ್ಕೆ ಮೊದಲು ಸಾಗುವಳಿ ಮಾಡುತ್ತಿದ್ದವರಿಗೆ ಅದು ಅನ್ವಯ. ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳಾದರೆ ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದರು ಅಂತ ತೋರಿಸಬೇಕು. ಈ 75 ವರ್ಷದ ಷರತ್ತೊಂದನ್ನೇ ತೆಗೆದುಕೊಳ್ಳಿ. 1930ರ ಕಾಗದ ಒಬ್ಬ ಕೂಲಿಕಾರನ ಮನೆಯಲ್ಲಿ ಇರುತ್ತದಾ? ಕಾಗದ ಇಲ್ಲದಿದ್ದರೆ ಊರ ಹಿರಿಯರ ಮಾತನ್ನು ಎಷ್ಟರ ಮಟ್ಟಿಗೆ ಒಪ್ಪಬೇಕು? ಇಷ್ಟರಲ್ಲೇ 600 ಪದ ತುಂಬುತ್ತದೆ. ಕಾಡು, ಮನುಷ್ಯ, ಬ್ರಿಟಿಷರ ಕಾಲ, ಹವಾಮಾನ ಬದಲಾವಣೆ ಎಲ್ಲ ಒಟ್ಟಿಗೆ ಹಾಕಿದರೆ ಹುಳಿಯೂ ಅಲ್ಲ, ತಂಬುಳಿಯೂ ಅಲ್ಲ.

ಎದುರಿನವರ ವಾದವನ್ನು ನಾವೇ ಯಾಕೆ ಬರೆಯಬೇಕು? ಅವರಿಗೇ ಅನುಕೂಲ ಮಾಡಿಕೊಟ್ಟ ಹಾಗಲ್ವಾ?

ತಾಳಮದ್ದಲೆ ಕೇಳಿದ್ದೀರಲ್ಲ, ವೇಷ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಎದುರಿನ ಅರ್ಥಧಾರಿ, ಅಂದರೆ ಎದುರು ಪಾತ್ರದ ಮಾತುಗಾರ, ಬಲವಾದ ಪ್ರಶ್ನೆ ಹಾಕಿದಾಗ ಅದನ್ನು ಹಾರಿಸಿ ಬೇರೇನೋ ಮಾತಾಡಿದವರನ್ನು ಸಭೆ ಒಪ್ಪುತ್ತದಾ? ಪ್ರಶ್ನೆಯನ್ನು ಸರಿಯಾಗಿ ಎತ್ತಿಕೊಂಡು, ಇನ್ನೂ ಸ್ವಲ್ಪ ಬಲ ತುಂಬಿ, ಆಮೇಲೆ ಉತ್ತರ ಕೊಟ್ಟವರಿಗೇ ಚಪ್ಪಾಳೆ. ಅಭಿಪ್ರಾಯ ಬರಹಕ್ಕೂ ಅದೇ ನ್ಯಾಯ.

ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ನೋಡಿ. 2000 ಮೆಗಾವಾಟ್‌ನದ್ದು. ಮೇಲೆ ತಲಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪ ಜಲಾಶಯ. ವಿದ್ಯುತ್ ಹೆಚ್ಚಿದ್ದಾಗ ನೀರನ್ನು ಮೇಲಕ್ಕೆ ಎತ್ತುವುದು, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ಉತ್ಪಾದಿಸುವುದು. ವಿರೋಧಿಸಿ ಬರೆಯುವವರು ಸಾಮಾನ್ಯವಾಗಿ ಒಂದು ಮಾತು ಹೇಳುತ್ತಾರೆ: ಎತ್ತಲು ಬೇಕಾದ ವಿದ್ಯುತ್ತು ಬರುವುದಕ್ಕಿಂತ ಜಾಸ್ತಿ, ಇದೆಂಥ ಮೂರ್ಖತನ? ಸಂಗತಿ ನಿಜ. ಆದರೆ ವಾದ ಸೋಲುತ್ತದೆ. ಯೋಜನೆಯವರು ಅದನ್ನು ಮುಚ್ಚಿಟ್ಟಿಲ್ಲ. ಹಗಲಿನ ಸೌರ ವಿದ್ಯುತ್ತನ್ನು ಸಂಜೆಗೆ ಉಳಿಸಿಕೊಳ್ಳುವ ದೊಡ್ಡ ಬ್ಯಾಟರಿ ಇದು, ಬ್ಯಾಟರಿಯಲ್ಲಿ ಸ್ವಲ್ಪ ನಷ್ಟ ಇದ್ದೇ ಇರುತ್ತದೆ ಅನ್ನುತ್ತಾರೆ. ಅವರ ಬಲವಾದ ಮಾತು ಅದು. ಅದನ್ನು ನಿಮ್ಮ ಬರಹದಲ್ಲೇ ಹೇಳಿ. ಆಮೇಲೆ ಕೇಳಿ: ಬ್ಯಾಟರಿ ಬೇಕು, ಸರಿ. ಸಿಂಗಳೀಕಗಳ ಅಭಯಾರಣ್ಯದ ಒಳಗೇ ಯಾಕೆ? ಬೇರೆ ಜಾಗ ನೋಡಿದ್ದೀರಾ? ಈಗ ಉತ್ತರ ಕೊಡುವ ಸರದಿ ಅವರದು. ನೀವು ಯೋಜನೆಯ ಪರ ಇದ್ದರೂ ಇಷ್ಟೇ. ಆಗ ಸಿಂಗಳೀಕದ ಪ್ರಶ್ನೆಯನ್ನು ನೀವೇ ಎತ್ತಿಕೊಳ್ಳಬೇಕು.

ಪತ್ರಿಕಾ ದಿನಕ್ಕೆ ಒಂದು ಲೇಖನ ಕಳಿಸಲಾ?

1843ರ ಜುಲೈ 1, ಮೊದಲ ಕನ್ನಡ ಪತ್ರಿಕೆ ಮಂಗಳೂರು ಸಮಾಚಾರ, ಅದರ ಸಂಪಾದಕ ಹರ್ಮನ್ ಮೊಗ್ಲಿಂಗ್: ಇದೇ ಲೇಖನ ಜೂನ್ ಕೊನೆಯಲ್ಲಿ ಡೆಸ್ಕಿಗೆ ಕಟ್ಟುಕಟ್ಟಾಗಿ ಬರುತ್ತದೆ. ನಿಮ್ಮದು ಬೇರೆಯಾಗಿದ್ದರೆ ಕಳಿಸಿ. ಸಂದರ್ಭ ನೋಡಿ ಬರೆಯುವುದು ಒಳ್ಳೆಯದೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ ಇರುತ್ತದೆ. ಕಾರವಾರದ ಬೈತಖೋಲ ಬಂದರಿನಲ್ಲಿ ಕೆಲಸ ಮಾಡುವವರು ಆ 61 ದಿನ ಏನು ಮಾಡುತ್ತಾರೆ ಎಂಬ ಬರಹ ಮೇ ಕೊನೆಗೆ ಸಂಪಾದಕರ ಕೈಯಲ್ಲಿದ್ದರೆ ತೆಗೆದುಕೊಳ್ಳುತ್ತಾರೆ. ಆಗಸ್ಟ್‌ನಲ್ಲಿ ಕಳಿಸಿದರೆ ಇಲ್ಲ.

ಎಷ್ಟು ಉದ್ದ ಬರೆಯಬೇಕು, ಎಲ್ಲಿಗೆ ಕಳಿಸಬೇಕು?

ಪ್ರತಿ ಪತ್ರಿಕೆಯ ಅಳತೆ ಬೇರೆ. ನೀವು ಬರೆಯಬೇಕು ಅಂತಿರುವ ಅಂಕಣದ ಐದು ಬರಹ ತೆಗೆದು ಪದ ಎಣಿಸಿ, ಗೊತ್ತಾಗುತ್ತದೆ. ಹೊಸಬರು ಓದುಗರ ಪತ್ರದಿಂದ ಶುರು ಮಾಡಿ ಅಂತ ನನ್ನ ಸಲಹೆ. ಪ್ರಜಾವಾಣಿಯ ವಾಚಕರ ವಾಣಿಯಂಥ ಕಡೆ ನೂರು, ನೂರೈವತ್ತು ಪದದಲ್ಲಿ ಒಂದು ವಿಷಯ ಮುಟ್ಟಿಸಲು ಬಂದರೆ ಆಮೇಲೆ ಅದೇ ಪತ್ರಿಕೆಯ ‘ಸಂಗತ’ದಂಥ ಅಭಿಪ್ರಾಯ ಅಂಕಣಕ್ಕೆ ಹೋಗುವುದು ಕಷ್ಟವಲ್ಲ. ನಮ್ಮ ಶಿರಸಿಯ ಲೋಕಧ್ವನಿ, ಕಾರವಾರದ ಕರಾವಳಿ ಮುಂಜಾವುಗಳನ್ನು ಸಣ್ಣ ಪತ್ರಿಕೆಗಳು ಅಂತ ಬಿಡಬೇಡಿ. ನಿಮ್ಮ ಊರಿನ ಚರಂಡಿಯ ವಿಷಯ ಓದಬೇಕಾದವರು ಅವನ್ನೇ ಓದುವುದು.

ಒಂದೇ ಬರಹವನ್ನು ನಾಲ್ಕು ಕಡೆ ಒಟ್ಟಿಗೆ ಕಳಿಸಬೇಡಿ. ಎರಡು ಕಡೆ ಬಂದುಬಿಟ್ಟರೆ ಇಬ್ಬರೂ ಮುಂದೆ ನಿಮ್ಮದನ್ನು ಮುಟ್ಟುವುದಿಲ್ಲ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಮೇಲ್‌ನಲ್ಲೇ ಅಂಟಿಸಿ. ಹಳೆ ನುಡಿ, ಬರಹ ಫಾಂಟಿನಲ್ಲಿ ಕಳಿಸಿದರೆ ಅಲ್ಲಿ ಬೇರೇನೋ ಲಿಪಿಯಾಗಿ ತೆರೆದುಕೊಳ್ಳುವುದುಂಟು.

ಹವ್ಯಕ, ಹಾಲಕ್ಕಿ, ಕೊಂಕಣಿ ಮಾತನ್ನು ಹಾಗೇ ಬರೆಯಬಹುದಾ?

ಹೇಳಿಕೆಯ ಒಳಗೆ ಬರೆಯಬಹುದು, ಓದುವವರಿಗೆ ಅರ್ಥವಾಗುವಷ್ಟು. ‘ಎಂತ ಮಾಡದು ತಮಾ, ಕೊಳೆ ಬಂದು ಎಲ್ಲ ಉದುರಿ ಹೋತು’ ಅಂತ ಅಜ್ಜ ಹೇಳಿದ್ದನ್ನು ‘ಕೊಳೆರೋಗದಿಂದ ಅಪಾರ ನಷ್ಟ ಸಂಭವಿಸಿದೆ ಎಂದು ಅಳಲು ತೋಡಿಕೊಂಡರು’ ಅಂತ ಬದಲಿಸಿದರೆ ಅಜ್ಜನೇ ಮಾಯ. ಆದರೆ ತಹಶೀಲ್ದಾರರ ಮಾತನ್ನು ಗ್ರಾಂಥಿಕದಲ್ಲಿ, ಹಾಲಕ್ಕಿ ಹೆಂಗಸಿನ ಮಾತನ್ನು ಮಾತ್ರ ಆಡುನುಡಿಯಲ್ಲಿ ಕೊಟ್ಟರೆ ನಗೆಗೀಡು ಮಾಡಿದ ಹಾಗೆ. ಕೊಟ್ಟರೆ ಇಬ್ಬರಿಗೂ ಕೊಡಿ. ಅಂಕೋಲಾದ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಆ ನುಡಿಯ ಹಾಡುಗಳಿಗೇ, ನೆನಪಿರಲಿ.

ಕೇಸು ಬೀಳುತ್ತದೆ ಅಂತ ಹೆದರಿಕೆ. ಏನೇನು ಗೊತ್ತಿರಬೇಕು?

ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ. 2024ರ ಜುಲೈ 1ರಿಂದ ಜಾರಿ. ಹಳೆಯ ಐಪಿಸಿಯ 499, 500 ಅಂತ ಇನ್ನೂ ಬರೆಯಬೇಡಿ. ಒಬ್ಬರ ಮೇಲೆ ಆರೋಪ ಇದ್ದರೆ ಅವರನ್ನು ಕೇಳಿ, ಅವರ ಉತ್ತರವನ್ನೂ ಹಾಕಿ. ಫೋನ್ ಎತ್ತಲಿಲ್ಲ ಅಂದರೆ ಎತ್ತಲಿಲ್ಲ ಅಂತ ಬರೆಯಿರಿ. ಬಂಧಿತ ಬೇರೆ, ಅಪರಾಧಿ ಬೇರೆ.

ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಯಾವ ರೀತಿಯಲ್ಲೂ ಬಯಲಾಗಬಾರದು. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆ ಇನ್ನೂ ಬಿಗಿ. ಹೆಸರು ಬರೆಯಲಿಲ್ಲ ಅಂತ ಸಮಾಧಾನ ಪಡಬೇಡಿ. ನಮ್ಮ ಕಡೆ ಊರುಗಳು ಸಣ್ಣವು. ಮೂವತ್ತು ಮನೆಯ ಕೊಪ್ಪದ ಹೆಸರು, ತಂದೆಯ ಕೆಲಸ, ಓದುವ ತರಗತಿ ಬರೆದರೆ ಹೆಸರು ಬರೆದ ಹಾಗೇ ಆಯಿತು.

ಕಚೇರಿಯವರು ಮಾಹಿತಿ ಕೊಡುವುದಿಲ್ಲ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಈ 150 ಪದದ ಮಿತಿ ಒಳ್ಳೆಯ ಬರವಣಿಗೆ ಅಭ್ಯಾಸವೂ ಹೌದು.

ಎಐಗೆ ಹೇಳಿ ಬರೆಸಿದರೆ?

ತಂಡದಲ್ಲಿ ಒಬ್ಬ ಹುಡುಗ ಬರೆಸಿ ತಂದಿದ್ದ. ಕಾಗುಣಿತ ಸರಿ ಇತ್ತು. ಆದರೆ ಆ ಬರಹದಲ್ಲಿ ಯಾರೂ ಇರಲಿಲ್ಲ. ಯಾವ ರೈತ, ಯಾವ ಊರು, ಎಷ್ಟು ಗೊನೆ ಹೋಯಿತು ಅಂತ ಕೇಳಿದೆ, ಅವನ ಹತ್ತಿರ ಉತ್ತರ ಇರಲಿಲ್ಲ. ತಪ್ಪು ಹುಡುಕಲು ಬಳಸಿ, ಬೇಡ ಅನ್ನುವುದಿಲ್ಲ. ತೋಟಕ್ಕೆ ನೀವೇ ಹೋಗಬೇಕು.

ಮಾಸ್ತರ್ರೇ, ಮೂರು ಸಲ ಕಳಿಸಿದೆ, ಒಂದೂ ಬರಲಿಲ್ಲ. ಫೋನ್ ಮಾಡಿ ಕೇಳಲಾ?

ಹದಿನೈದು ದಿನ ಬಿಟ್ಟು ಒಂದು ಸಾಲಿನ ಮೇಲ್ ಹಾಕಿ: ‘ನೀವು ಬಳಸುವುದಿಲ್ಲವಾದರೆ ಬೇರೆ ಕಡೆ ಕಳಿಸುತ್ತೇನೆ.’ ಉತ್ತರ ಬಾರದಿದ್ದರೆ ಕಳಿಸಿ. ಫೋನ್ ಮಾಡಲೇಬೇಕು ಅನ್ನಿಸಿದರೆ ಮಧ್ಯಾಹ್ನದೊಳಗೆ ಮಾಡಿ. ಸಂಜೆ ಏಳರ ನಂತರ ಡೆಸ್ಕಿನಲ್ಲಿ ಯಾರೂ ಮನುಷ್ಯರ ಹಾಗೆ ಮಾತಾಡುವುದಿಲ್ಲ, ನಾನೂ ಮಾತಾಡುತ್ತಿರಲಿಲ್ಲ. ಮತ್ತೆ ಆ ಮೂರನ್ನೂ ಭಾನುವಾರ ಪ್ರಿಂಟ್ ತೆಗೆಸಿಕೊಂಡು ಬನ್ನಿ. ಮೊದಲ ಪ್ಯಾರಾಕ್ಕೆ ಗೀಟು ಹಾಕಿ ಎರಡನೆಯದರಿಂದ ಓದಿ ನೋಡೋಣ.